ಬಚ್ಚಲುಮನೆಯ ಗಾಳಿಯೂ ಗ್ಯಾಸ್ ಗೀಸರಿನ ಜ್ವಾಲೆಯೂ

ಹಳೆಯ ಮೈಸೂರು ಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ ನಮ್ಮ ಹಿರಿಯರು ಕಟ್ಟಿಸಿದ ಮನೆಗಳ ಬಚ್ಚಲನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಅಲ್ಲಿ ನೀರಿಗೂ ಬೆಂಕಿಗೂ ಇದ್ದಂತೆಯೇ ಗಾಳಿಗೂ ಹೊಗೆಗೂ ಪ್ರತ್ಯೇಕವಾದ ದಾರಿಗಳು ಏರ್ಪಟ್ಟಿದ್ದವು. ಹಿತ್ತಿಲ ಕಡೆಯ ಮೂಲೆಯಲ್ಲಿ ಹೂಳಿದ ತಾಮ್ರದ ಹಂಡೆಯ ಬುಡಕ್ಕೆ ತೆಂಗಿನ ಸೋಗೆ, ಕರಟ, ಅಡಕೆಯ ಹಾಳೆ, ಸೌದೆ ಇವುಗಳನ್ನು ತುರುಕುತ್ತಿದ್ದ ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಹೊರಗೋಡೆಯಲ್ಲಿಯೇ ಇದ್ದು, ಸ್ನಾನ ಮಾಡುವವರು ಒಳಗೆ, ಉರಿ ಹಾಕುವವರು ಹೊರಗೆ ಇರುತ್ತಿದ್ದರು. ಒಳಗೇ ಒಲೆಯಿದ್ದ ಮನೆಗಳಲ್ಲಿ ಹೊಗೆಯು ಹೆಂಚುಗಳ ಸಂದಿನಿಂದಲೂ ಸೂರಿನ ಕೆಳಗಿನ ಗವಾಕ್ಷಿಯಿಂದಲೂ ಹೊರಟುಹೋಗುತ್ತಿತ್ತು, ಅದರ ಸ್ಥಳಕ್ಕೆ ಬೇಕಾದ ತಂಪುಗಾಳಿಯು ನೆಲಕ್ಕೆ ಮುಟ್ಟದ ಬಾಗಿಲಿನ ಅಡಿಯಿಂದಲೂ ನೀರು ಹರಿದುಹೋಗುವ ತೂಬಿನಿಂದಲೂ ಧಾರಾಳವಾಗಿ ಒಳಗೆ ಬರುತ್ತಿತ್ತು. ಕಣ್ಣುರಿ, ಕೆಮ್ಮು, ಮಸಿ ಹಿಡಿದ ಗೋಡೆ ಇವೆಲ್ಲ ಆ ಏರ್ಪಾಡಿನ ಅವಲಕ್ಷಣಗಳೇ ಸರಿ; ಆದರೆ ಆ ಹೊಗೆಗೆ ಒಂದು ಪ್ರಾಮಾಣಿಕತೆ ಇದ್ದಿತು, ತಾನು ಬಂದಿರುವೆನೆಂಬುದನ್ನು ಅದು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಾಡಿಗೆ ಮನೆಗಳಲ್ಲಿ ಹಂಡೆಯ ಸ್ಥಾನವನ್ನು ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕುವ ಒಂದು ಬಿಳಿಯ ತಗಡಿನ ಪೆಟ್ಟಿಗೆ ಆಕ್ರಮಿಸಿದೆ. ಕರೆಂಟು ಹೋದರೂ ನೀರು ಕಾಯುತ್ತದೆ, ತಿಂಗಳ ವಿದ್ಯುತ್ ಬಿಲ್ಲು ಏರುವುದಿಲ್ಲ, ನಲ್ಲಿ ತಿರುಗಿಸಿದ ಕ್ಷಣದಲ್ಲೇ ಬಿಸಿನೀರು ಬರುತ್ತದೆ, ಬೆಲೆಯೂ ಕೈಗೆಟುಕುತ್ತದೆ ಎಂಬ ಕಾರಣಗಳಿಂದ ಗ್ಯಾಸ್ ಗೀಸರು ಮಧ್ಯಮವರ್ಗದ ಸಂಸಾರಗಳಿಗೆ ಪ್ರಿಯವಾದುದು ಸಹಜವೇ ಆಗಿದೆ. ಆದರೆ ಅದನ್ನು ಕೊಂಡು ತರುವಾಗ ನಾವು ವಿಚಾರಿಸುವುದು ಕಂಪನಿಯ ಹೆಸರನ್ನು, ಗ್ಯಾರಂಟಿಯ ಅವಧಿಯನ್ನು, ನೀರಿನ ಬಿಸಿಯನ್ನು ಮಾತ್ರ. ಅದು ಉಸಿರಾಡುವ ಗಾಳಿ ಎಲ್ಲಿಂದ ಬರಬೇಕು, ಅದು ಬಿಡುವ ಉಸಿರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಅಂಗಡಿಯವರೂ ಎತ್ತುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಗೀಸರನ್ನು ಕೂರಿಸುವುದರಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಬಿಗಿಯುವ ಕೆಲಸ ತೀರ ಅಲ್ಪಾಂಶ. ಗಾಳಿಯನ್ನೂ ಹೊಗೆಯನ್ನೂ ಕುರಿತ ಏರ್ಪಾಡೇ ಅದರ ಮುಖ್ಯಾಂಶವೆಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನಿರೂಪಿಸಬೇಕಾಗಿದೆ.

ಈ ಯಂತ್ರವು ಹೊಸದೇನೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣಗಾರರು ಗ್ಯಾಸಿನ ಉರಿಯಿಂದ ಹರಿಯುವ ನೀರನ್ನು ತತ್‌ಕ್ಷಣ ಕಾಯಿಸುವ ಸಾಧನವೊಂದನ್ನು ನಿರ್ಮಿಸಿದರು. ಅದಕ್ಕೆ ಹೊಗೆಕೊಳವೆಯೇ ಇರಲಿಲ್ಲ, ಆದುದರಿಂದ ಅದು ಗೃಹಕೃತ್ಯಕ್ಕೆ ಯೋಗ್ಯವೆನಿಸಲಿಲ್ಲ. ಮುಂದೆ ಜರ್ಮನಿಯ ದೆಸೌ ಪಟ್ಟಣದಲ್ಲಿ 1895ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದ ಹ್ಯೂಗೋ ಯುಂಕರ್ಸ್ ಅವರು ಇದೇ ಸಾಧನವನ್ನು ವ್ಯಾಪಕವಾಗಿ ತಯಾರಿಸಿ ಮನೆಗಳಿಗೆ ಒದಗಿಸಿದರು. ಲೋಹದ ವಿಮಾನಗಳನ್ನು ಕಟ್ಟಿ ಜಗದ್ವಿಖ್ಯಾತರಾದ ಯುಂಕರ್ಸ್ ಅವರೇ ಇವರು. ಆಕಾಶಕ್ಕೆ ಹಾರುವ ಮೊದಲು ಅವರ ಬುದ್ಧಿ ಸ್ನಾನದ ಮನೆಯಲ್ಲಿ ಸಂಚರಿಸಿತ್ತೆಂಬುದು ಸ್ವಾರಸ್ಯವಾದ ವಿಷಯ. ನೂರೈವತ್ತು ವರ್ಷಗಳಿಗೂ ಮಿಕ್ಕಿ ಕಳೆದಿದ್ದರೂ ಹೊಗೆಕೊಳವೆಯಿಲ್ಲದ ಗೀಸರು ನಮ್ಮ ಬಚ್ಚಲುಗಳಲ್ಲಿ ಇನ್ನೂ ಉರಿಯುತ್ತಿದೆಯೆಂಬುದನ್ನು ಯೋಚಿಸಿದರೆ ಆ ಸ್ವಾರಸ್ಯ ಬೇರೊಂದು ಬಣ್ಣಕ್ಕೆ ತಿರುಗುತ್ತದೆ.

ಒಳಗಿನ ರಚನೆ ಸರಳವಾದುದು. ನಲ್ಲಿಯನ್ನು ತೆರೆದಾಗ ಹರಿಯುವ ನೀರಿನ ಒತ್ತಡವು ಒಂದು ರಬ್ಬರಿನ ಪೊರೆಯನ್ನು ಒತ್ತಿ, ಆ ಪೊರೆಯು ಗ್ಯಾಸಿನ ಕವಾಟವನ್ನು ತೆರೆಯುತ್ತದೆ. ಅದೇ ಸಮಯದಲ್ಲಿ ಕೆಳಗಿನ ಡಬ್ಬಿಯಲ್ಲಿರುವ ಎರಡು ದಪ್ಪ ಬ್ಯಾಟರಿ ಸೆಲ್ಲುಗಳು ಟಿಕ್ ಟಿಕ್ ಎಂದು ಕಿಡಿ ಹಾರಿಸಿ ಬರ್ನರುಗಳ ಸಾಲನ್ನು ಹೊತ್ತಿಸುತ್ತವೆ. ಜ್ವಾಲೆಯ ಮೇಲುಗಡೆ ತಾಮ್ರದ ಕೊಳವೆಯೊಂದು ತೆಳುವಾದ ತಾಮ್ರದ ರೆಕ್ಕೆಗಳ ನಡುವೆ ಸುತ್ತಿಕೊಂಡಿದ್ದು, ನೀರು ಅದರೊಳಗೆ ಓಡುವಾಗಲೇ ಬಿಸಿಯನ್ನು ಹೀರಿಕೊಳ್ಳುತ್ತದೆ. ನೀರು ನಿಂತರೆ ಪೊರೆ ಹಿಂದೆ ಸರಿದು ಗ್ಯಾಸು ನಿಲ್ಲಬೇಕು. ಜ್ವಾಲೆ ತಾನಾಗಿ ಆರಿದರೆ ಅದನ್ನು ಅರಿಯುವ ಇನ್ನೊಂದು ಅಂಗವೂ ಗ್ಯಾಸನ್ನು ನಿಲ್ಲಿಸಬೇಕು. ಪೆಟ್ಟಿಗೆಯ ಮೇಲೆ ‘6 ಲೀಟರ್’ ಎಂದು ಬರೆದಿರುವುದು ಒಳಗಿನ ಪಾತ್ರೆಯ ಅಳತೆಯೆಂದು ಬಹುಮಂದಿ ಭಾವಿಸಿದ್ದಾರೆ. ಒಳಗೆ ಪಾತ್ರೆಯೇ ಇಲ್ಲ. ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 25 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಬಲ್ಲುದೆಂಬುದೇ ಅದರ ತಾತ್ಪರ್ಯ.

ಈ ಒಂದು ಅಂಕಿಯನ್ನು ಹಿಡಿದು ಲೆಕ್ಕ ಹಾಕಿದರೆ ಅಪಾಯದ ಬುಡ ಕಾಣುತ್ತದೆ. 6 ಲೀಟರನ್ನು 25 ಡಿಗ್ರಿ ಏರಿಸಲು ನಿಮಿಷಕ್ಕೆ 150 ಕಿಲೋಕ್ಯಾಲರಿ, ಗಂಟೆಗೆ 9000 ಕಿಲೋಕ್ಯಾಲರಿ ಶಾಖ ಬೇಕು. ವ್ಯರ್ಥವಾಗುವ ಶಾಖವನ್ನೂ ಸೇರಿಸಿಕೊಂಡರೆ ಗಂಟೆಗೆ ಹತ್ತಿರ ಹತ್ತಿರ 1 ಕಿಲೋ ಎಲ್‌ಪಿಜಿ ಉರಿಯಬೇಕಾಗುತ್ತದೆ. ಇದು ಅಡುಗೆಯ ಒಲೆಯ ದೊಡ್ಡ ಬರ್ನರಿನ ಐದಾರು ಪಟ್ಟು. ಈ 1 ಕಿಲೋ ಅನಿಲವು ಪೂರ್ಣವಾಗಿ ದಹಿಸಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಮ್ಮ ಫ್ಲಾಟುಗಳ ಸಾಮಾನ್ಯ ಬಚ್ಚಲು 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರವಿದ್ದರೆ ಅದರಲ್ಲಿರುವ ಒಟ್ಟು ಗಾಳಿಯೇ 8 ಘನ ಮೀಟರಿಗೆ ಸ್ವಲ್ಪ ಕಡಿಮೆ. ಬಾಗಿಲು, ಕಿಟಕಿ, ವೆಂಟಿಲೇಟರು ಎಲ್ಲವೂ ಭದ್ರವಾಗಿ ಮುಚ್ಚಿರುವ ಅಂಥ ಕೋಣೆಯಲ್ಲಿ ಗೀಸರು ಹತ್ತು ನಿಮಿಷ ಉರಿದರೆ ಕೋಣೆಯ ಆಮ್ಲಜನಕದ ಕಾಲುಭಾಗಕ್ಕೂ ಮಿಕ್ಕಿ ಮುಗಿದಿರುತ್ತದೆ. ಆದರೆ ಜ್ವಾಲೆಯ ಸ್ವಭಾವವು ಅದಕ್ಕೂ ಮೊದಲೇ, ಅಂದರೆ ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಶೇ. 18ರ ಆಸುಪಾಸಿಗೆ ಇಳಿಯುವ ವೇಳೆಗೇ, ಕೆಡಲು ಆರಂಭವಾಗಿರುತ್ತದೆ. 20 ನಿಮಿಷದ ನಂತರ ತಾನೇ ಆರುವ ಗೀಸರು ತಮ್ಮಲ್ಲಿದೆ, ಆದುದರಿಂದ ಭಯವಿಲ್ಲ ಎಂದು ನೆಮ್ಮದಿಯಾಗಿರುವವರು ಈ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು.

ಜ್ವಾಲೆ ಕೆಡುವುದೆಂದರೇನು? ಆಮ್ಲಜನಕ ಸಮೃದ್ಧವಾಗಿದ್ದಾಗ ಇಂಧನದಲ್ಲಿರುವ ಇಂಗಾಲವು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕೊರತೆಯಾದಾಗ ಅರ್ಧ ದಾರಿಯಲ್ಲೇ ನಿಂತು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣನ್ನೂ ಮೂಗನ್ನೂ ಇದು ಕೆರಳಿಸುವುದಿಲ್ಲ. ಸಿಲಿಂಡರಿನ ಗ್ಯಾಸಿಗೆ ಇರುವ ದುರ್ವಾಸನೆಯು ಸೋರಿಕೆ ತಿಳಿಯಲೆಂದು ಬುದ್ಧಿಪೂರ್ವಕವಾಗಿ ಬೆರೆಸಿದ ಮರ್ಕ್ಯಾಪ್ಟಾನಿನದು. ಅದು ಉರಿಯಲ್ಲಿ ಸುಟ್ಟುಹೋಗುವುದರಿಂದ, ‘ವಾಸನೆಯೇನೂ ಬರುತ್ತಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವೇ ಇಲ್ಲ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳುತ್ತದೆ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಅವರು 1895ರಲ್ಲಿ ಇದನ್ನು ತಾವೇ ಉಸಿರಾಡಿ, ತಮ್ಮ ದೇಹದ ಮೇಲಾದ ಪರಿಣಾಮವನ್ನು ದಾಖಲಿಸಿ ಪ್ರಕಟಿಸಿದರು. ಗಣಿಗಳೊಳಕ್ಕೆ ಕ್ಯಾನರಿ ಹಕ್ಕಿಗಳನ್ನು ಕೊಂಡೊಯ್ಯುವ ಪದ್ಧತಿ ಅವರ ಸಲಹೆಯ ಫಲ. ಫ್ರಾನ್ಸಿನ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯ ಶಯನಗೃಹದಲ್ಲಿ ಮೃತರಾದುದು ಚಿಮಣಿ ಕಟ್ಟಿಕೊಂಡು ಈ ಅನಿಲ ತುಂಬಿದ ಕಾರಣದಿಂದಲೇ. ಮೊದಲು ಸಣ್ಣ ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲುಗಳಲ್ಲಿ ಬಲಹೀನತೆ. ಅಷ್ಟು ಹೊತ್ತಿಗೆ ಬುದ್ಧಿಯೂ ಮಂಕಾಗಿರುವುದರಿಂದ, ಚಿಲುಕ ತೆಗೆದು ಹೊರಗೆ ಬರಬೇಕೆಂಬ ಯೋಚನೆ ಹುಟ್ಟಿದರೂ ಕೈ ಅದಕ್ಕೆ ಒಪ್ಪುವುದಿಲ್ಲ.

ಹೀಗಿರುವುದರಿಂದ ಗೀಸರಿನ ಸ್ಥಾನದ ವಿಷಯದಲ್ಲಿ ರಾಜಿ ಇರಕೂಡದು: ಅದು ಬಚ್ಚಲುಮನೆಯ ಹೊರಗೆ ಇರತಕ್ಕದ್ದು. ಬೆಂಗಳೂರಿನ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಬಿಟ್ಟಿರುವ ‘ಯುಟಿಲಿಟಿ’ ಎಂಬ ಜಾಗವಿದೆಯಷ್ಟೆ; ಗ್ರಿಲ್ಲು ಮಾತ್ರವಿದ್ದು ಗಾಜು ಹಾಕದೆ ಇರುವ ಅಂಥ ಯುಟಿಲಿಟಿಯ ಅಥವಾ ಹಿಂಬದಿಯ ಬಾಲ್ಕನಿಯ ಗೋಡೆ ಇದಕ್ಕೆ ಪ್ರಶಸ್ತ. ಅಲ್ಲಿಂದ ಬಚ್ಚಲಿಗೆ ಬಿಸಿನೀರಿನ ಪೈಪು ಎಳೆಯಬೇಕಾಗುತ್ತದೆ. ಪೈಪಿನ ಉದ್ದ ಹೆಚ್ಚಿದಷ್ಟೂ ಮೊದಲ ಕೆಲವು ಚೆಂಬು ನೀರು ತಣ್ಣಗಿರುತ್ತದೆ. ಪೈಪಿಗೂ ಕೂಲಿಗೂ ಖರ್ಚೂ ಬೀಳುತ್ತದೆ. ಈ ಖರ್ಚಿನ ಮಾತು ಬಂದಾಗಲೇ ಪ್ಲಂಬರು, “ಏನೂ ಆಗಲ್ಲ ಸಾರ್, ಎಲ್ಲರ ಮನೇಲೂ ಬಾತ್‌ರೂಮಲ್ಲೇ ಹಾಕಿರೋದು” ಎನ್ನುವನು, ಮನೆಯವರೂ ತಲೆದೂಗುವರು. ಎಲ್ಲರ ಮನೆಯಲ್ಲೂ ಏನೂ ಆಗದಿರುವುದಕ್ಕೆ ಕಾರಣ, ಅಲ್ಲೊಂದು ಇಲ್ಲೊಂದು ಒಡೆದ ಗಾಜಿನ ಸಂದಿಯಲ್ಲಿ ನುಸುಳುವ ಗಾಳಿ; ಡಿಸೆಂಬರಿನ ಚಳಿಗೆ ಅಥವಾ ಸೊಳ್ಳೆಯ ಕಾಟಕ್ಕೆ ಆ ವೆಂಟಿಲೇಟರಿನ ಗಾಜಿನ ಪಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿದ ದಿನ ಆ ಕಾರಣವೂ ಇಲ್ಲವಾಗುತ್ತದೆ.

ಸಿಲಿಂಡರು ಮತ್ತು ಪೈಪಿನ ವಿಷಯವನ್ನು ಅಡುಗೆ ಒಲೆಯ ಬಳಕೆಯಿಂದ ವಾಚಕರು ಬಲ್ಲರಾದುದರಿಂದ ಸಂಕ್ಷೇಪವಾಗಿ ಹೇಳಬಹುದು. ಎಲ್‌ಪಿಜಿಯು ಗಾಳಿಗಿಂತ ಭಾರವಾದುದು, ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ನೆಟ್ಟಗೆ, ನೆಲಮಟ್ಟದಲ್ಲಿ, ಬುಡದಲ್ಲಿ ಗಾಳಿಯಾಡುವ ಕಡೆ ನಿಲ್ಲಿಸಬೇಕೇ ಹೊರತು ಬಾಗಿಲು ಭದ್ರವಾದ ಕಪಾಟಿನಲ್ಲಿ ಅಡಗಿಸಬಾರದು. ಕಿತ್ತಳೆ ಬಣ್ಣದ, ಉಕ್ಕಿನ ತಂತಿಯ ಬಲವುಳ್ಳ ‘ಸುರಕ್ಷಾ’ ಹೋಸನ್ನೇ ಉಪಯೋಗಿಸಿ, ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ರಬ್ಬರ್ ಹೋಸನ್ನು ಗೋಡೆಯ ತೂತಿನ ಮೂಲಕ ಹಾಯಿಸಲೇಬಾರದು, ಗೋಡೆ ದಾಟಬೇಕಾದಲ್ಲಿ ತಾಮ್ರದ ಕೊಳವೆಯೇ ಆಗಬೇಕು. ಜೋಡಣೆಯಾದ ಮೇಲೆ ಪ್ರತಿ ಸಂದಿಗೂ ಸೋಪಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡುವುದು ಪ್ಲಂಬರಿಗೆ ಬಿಟ್ಟುಬಿಡುವ ಕೆಲಸವಲ್ಲ, ಮನೆಯ ಯಜಮಾನರೋ ಯಜಮಾನತಿಯೋ ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲಸ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಶೂರರು ಇನ್ನೂ ಇದ್ದಾರೆ. ಅವರಿಂದ ಮನೆಯನ್ನು ರಕ್ಷಿಸಿಕೊಳ್ಳಬೇಕು.

ಹೊಗೆಕೊಳವೆಯ ವಿಚಾರ ಅಷ್ಟು ಬೇಗ ಮುಗಿಯುವಂಥದಲ್ಲ. ಗೀಸರು ತೀರ ಬಯಲಿನಲ್ಲಿರದೆ ಅರೆಮುಚ್ಚಿದ ಜಾಗದಲ್ಲಿದ್ದರೆ, ಅದರ ನೆತ್ತಿಯಿಂದ ಲೋಹದ ಕೊಳವೆಯೊಂದು ಮೊದಲು ನೆಟ್ಟಗೆ ಮೇಲೇರಿ, ಆದಷ್ಟು ಕಡಿಮೆ ತಿರುವುಗಳೊಡನೆ ಹೊರಗೆ ಹೋಗಿ, ಮಳೆಯೂ ಎದುರುಗಾಳಿಯೂ ನುಗ್ಗದಂತೆ ಟೊಪ್ಪಿಗೆಯುಳ್ಳ ಬಾಯಿಯಲ್ಲಿ ಕೊನೆಗೊಳ್ಳಬೇಕು. ಬಿಸಿಯಾದ ಹೊಗೆ ತನ್ನ ಹಗುರತನದಿಂದಲೇ ಮೇಲಕ್ಕೆ ಹೋಗುವುದಾದ್ದರಿಂದ, ಗೀಸರಿನಿಂದ ಹೊರಟ ಕೂಡಲೇ ಅಡ್ಡಲಾಗಿ ಮಲಗಿಸಿದ ಕೊಳವೆ ಹೆಸರಿಗಷ್ಟೇ ಹೊಗೆಕೊಳವೆ. ಅದರ ಬಾಯಿ ಕಿಟಕಿಯ ಕೆಳಗೋ ಪಕ್ಕದ ಮನೆಯ ವೆಂಟಿಲೇಟರಿನ ಎದುರಿಗೋ ತೆರೆಯಬಾರದು. ಅಪಾರ್ಟ್‌ಮೆಂಟುಗಳಲ್ಲಿ ಎಲ್ಲ ಬಚ್ಚಲುಗಳ ಪೈಪುಗಳೂ ಇಳಿಯುವ ‘ಡಕ್ಟ್’ ಎಂಬ ಕಿರಿದಾದ ಬಾವಿಯೊಳಕ್ಕೆ ಹೊಗೆಯನ್ನು ಬಿಟ್ಟು ಕೈತೊಳೆದುಕೊಳ್ಳುವ ರೂಢಿಯಿದೆ. ಮಳೆ ಬೀಳದಿರಲೆಂದು ಮೇಲೆ ಶೀಟು ಹೊದಿಸಿದ ಡಕ್ಟಿನಲ್ಲಿ ಆ ಹೊಗೆಯು ದಾರಿಯಿಲ್ಲದೆ, ಮೇಲಿನ ಅಂತಸ್ತಿನವರ ಬಚ್ಚಲಿಗೆ ಹೋಗಿ ಸೇರುತ್ತದೆ. ಗೀಸರನ್ನೇ ಇಟ್ಟುಕೊಳ್ಳದ ಸಂಸಾರವೊಂದು ಕೆಳಗಿನ ಮನೆಯ ಗೀಸರಿನಿಂದ ಅಪಾಯಕ್ಕೆ ಗುರಿಯಾಗುವುದು ಈ ಬಗೆಯಲ್ಲಿ.

ಇನ್ನು ಎಕ್ಸಾಸ್ಟ್ ಫ್ಯಾನು. ಅದೊಂದಿದ್ದರೆ ಸಾಕು, ಗಾಳಿಯ ಚಿಂತೆ ಬೇಡವೆಂಬ ನಂಬಿಕೆ ಅರ್ಧ ಮಾತ್ರ ಸತ್ಯ. ಫ್ಯಾನು ಹೊರಗೆ ನೂಕಿದಷ್ಟು ಗಾಳಿ ಬೇರೆಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲ ಬುಡದಲ್ಲಿ ಜಾಲರಿಯಾಗಲಿ ಸಂದಾಗಲಿ ಇಲ್ಲದಿದ್ದರೆ ಆ ಗಾಳಿ ಬರುವ ಅತ್ಯಂತ ಸುಲಭವಾದ ದಾರಿ ಹೊಗೆಕೊಳವೆಯೇ ಆಗಿ, ಹೊರಗೆ ಹೋಗಬೇಕಾದ ಹೊಗೆ ಹಿಮ್ಮುಖವಾಗಿ ಒಳಕ್ಕಿಳಿಯುತ್ತದೆ. ಯುಟಿಲಿಟಿಯ ಪಕ್ಕದ ಅಡುಗೆಮನೆಯಲ್ಲಿ ಬಲವಾದ ಚಿಮಣಿ ಫ್ಯಾನು ತಿರುಗುತ್ತಿದ್ದಾಗಲೂ ಹೀಗೆಯೇ ಆಗಬಹುದು. ಇದನ್ನು ಪರೀಕ್ಷಿಸಲು ದೇವರ ಮನೆಯ ಊದುಬತ್ತಿಯೊಂದು ಸಾಕು. ಸೋಪಿನ ನೀರಿನಿಂದ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಮನೆಯ ಫ್ಯಾನುಗಳನ್ನೆಲ್ಲ ಹಾಕಿ, ಬಾಗಿಲುಗಳನ್ನು ನಿತ್ಯ ಇರುವಂತೆಯೇ ಇಟ್ಟು, ಗೀಸರನ್ನು ಐದು ನಿಮಿಷ ಉರಿಸಿ, ಅದರ ನೆತ್ತಿಯಲ್ಲಿ ಕೊಳವೆ ಕೂಡುವೆಡೆಯ ತೆರಪಿನ ಬಳಿ ಊದುಬತ್ತಿಯನ್ನು ಹಿಡಿದರೆ, ಅದರ ಎಳೆ ಒಳಕ್ಕೆ ಸೆಳೆಯಲ್ಪಟ್ಟು ಮಾಯವಾಗಬೇಕು. ಎಳೆ ಅಲ್ಲಾಡದೆ ನಿಂತರೆ, ಅಥವಾ ನಮ್ಮ ಮುಖದ ಕಡೆಗೆ ತಿರುಗಿದರೆ, ಆ ಗೀಸರನ್ನು ಅಂದೇ ಆರಿಸಿ, ದೋಷವನ್ನು ಸರಿಪಡಿಸುವತನಕ ಹಚ್ಚಕೂಡದು.

ಸ್ಥಾಪನೆಯಾದ ಮೇಲೆ ಹೊಂದಾಣಿಕೆ. ಮನೆಬಳಕೆಯ ಸಿಲಿಂಡರಿನ ರೆಗ್ಯುಲೇಟರು ಗ್ಯಾಸನ್ನು ಚದರ ಸೆಂಟಿಮೀಟರಿಗೆ 30 ಗ್ರಾಮಿನ ಒತ್ತಡದಲ್ಲಿ ಬಿಡುವಂತೆ ಕಾರ್ಖಾನೆಯಲ್ಲೇ ನಿಯತವಾಗಿದೆ. ಐದು ಗ್ರಾಮಿನಷ್ಟು ಹೆಚ್ಚುಕಡಿಮೆ ಇದ್ದರೆ ದೋಷವಿಲ್ಲ. ನೀರಿನ ಒಂದು ಘನ ಸೆಂಟಿಮೀಟರು ಒಂದು ಗ್ರಾಮು ತೂಗುವುದರಿಂದ, 30 ಗ್ರಾಮಿನ ಒತ್ತಡವೆಂದರೆ ಸರಿಯಾಗಿ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬ. ಬಲ್ಲ ಮೆಕ್ಯಾನಿಕ್ಕು ಪಾರದರ್ಶಕವಾದ ಕೊಳವೆಯನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಗೀಸರಿನ ಗ್ಯಾಸ್ ಬಾಯಿಗೆ ಕೂಡಿಸಿ, ಎರಡು ಕಾಲುಗಳಲ್ಲಿ ನೀರಿನ ಮಟ್ಟದ ಅಂತರವನ್ನು ಅಳತೆಪಟ್ಟಿಯಿಂದ ಅಳೆಯುತ್ತಾನೆ. ಗೀಸರು ಆರಿರುವಾಗಲೂ ಪೂರ್ಣವಾಗಿ ಉರಿಯುತ್ತಿರುವಾಗಲೂ ಎರಡು ಬಾರಿ ಅಳೆಯಬೇಕು. ಉರಿಯುವಾಗ ಮಟ್ಟ ಬಹಳ ಕುಸಿದರೆ ಪೈಪು ಸಣ್ಣದಾಯಿತೆಂದೋ, ಅಡುಗೆಯ ಸಿಲಿಂಡರಿಗೇ ಟೀ ಜಾಯಿಂಟು ಹಾಕಿ ಒಲೆ, ಗೀಸರುಗಳೆರಡನ್ನೂ ಎಳೆದಿದ್ದಾರೆಂದೋ ಅರ್ಥ. ಉರಿ ಸಾಲದೆಂದು ಬಜಾರಿನಲ್ಲಿ ಸಿಗುವ, ತಿರುಗಿಸಿದಂತೆ ಒತ್ತಡ ಏರುವ ರೆಗ್ಯುಲೇಟರನ್ನು ತಂದು ಹಾಕುವುದು ಮಹಾಪರಾಧ; ಆ ರೆಗ್ಯುಲೇಟರುಗಳು ಹೋಟೆಲಿನ ಭಟ್ಟಿ ಒಲೆಗಳಿಗೆ ಉದ್ದೇಶಿತವಾದವು.

ಒತ್ತಡ ಸರಿಯಿದ್ದರೆ ಜ್ವಾಲೆಯೇ ಉಳಿದುದನ್ನು ಹೇಳುತ್ತದೆ. ಗೀಸರಿನ ಮುಂಬದಿಯ ಪುಟ್ಟ ಗಾಜಿನ ಕಿಂಡಿಯಲ್ಲಿ ಇಣುಕಿದಾಗ ನೀಲಿಯಾದ, ಗಿಡ್ಡವಾದ, ಒಳಗೆ ಚೂಪಾದ ಸಣ್ಣ ಶಿಖೆಯುಳ್ಳ ಜ್ವಾಲೆಗಳು ಸಾಲಾಗಿ ನಿಂತಿರಬೇಕು. ತುದಿಯಲ್ಲಿ ಹಳದಿ ಆಡುತ್ತಿದ್ದರೆ ಗಾಳಿ ಸಾಲದು, ಇಲ್ಲವೆ ಬರ್ನರಿನೊಳಗೆ ಧೂಳೂ ಜೇಡರ ಬಲೆಯೂ ಕಟ್ಟಿದೆ. ಜ್ವಾಲೆ ಬರ್ನರನ್ನು ಬಿಟ್ಟು ಮೇಲಕ್ಕೆ ಹಾರಿ ಭೋರ್ಗರೆಯುತ್ತಿದ್ದರೆ ಒತ್ತಡ ಹೆಚ್ಚಿದೆ. ಹೊತ್ತುವಾಗ ‘ಭಗ್’ ಎಂದು ಸಿಡಿದರೆ ಸೆಲ್ಲುಗಳು ಬತ್ತಿಯೋ ಕಿಡಿಯ ಕಡ್ಡಿ ಸರಿದೋ ಹೊತ್ತಿಕೊಳ್ಳುವುದು ತಡವಾಗುತ್ತಿದೆ. ನಮ್ಮಲ್ಲಿ ಮಾರುವ ಸಾಮಾನ್ಯ ಗೀಸರುಗಳಲ್ಲಿ ಗಾಳಿಯನ್ನು ತಿದ್ದುವ ತಿರುಪು ಇರುವುದಿಲ್ಲ, ಶುದ್ಧಿ ಮಾಡುವುದೇ ತಿದ್ದುವ ಕ್ರಮ. ಜೆಟ್ಟಿನ ತೂತನ್ನು ಸೂಜಿಯಿಂದ ಕೆದಕಿ ದೊಡ್ಡದು ಮಾಡುವವನನ್ನು ಮನೆಯೊಳಕ್ಕೆ ಸೇರಿಸಬಾರದು.

ನೀರಿನ ಗುಬುಟದ ಅರ್ಥವನ್ನೂ ತಿಳಿದಿರುವುದು ಒಳ್ಳೆಯದು. ಗ್ಯಾಸು ಅಷ್ಟೇ ಉರಿಯುತ್ತಿರುವಾಗ ನೀರು ಹೆಚ್ಚು ಹರಿದರೆ ಬಿಸಿ ಕಡಿಮೆ, ಕಡಿಮೆ ಹರಿದರೆ ಬಿಸಿ ಹೆಚ್ಚು: 6 ಲೀಟರಿಗೆ 25 ಡಿಗ್ರಿ ಏರಿಸುವ ಉರಿ 4 ಲೀಟರಿಗೆ 37 ಡಿಗ್ರಿ ಏರಿಸುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿಯ ಸಮೀಪದಲ್ಲಿದ್ದರೆ ಮೊದಲನೆಯದು ಸ್ನಾನಕ್ಕೆ ಸಾಕಾದಷ್ಟು, ಎರಡನೆಯದು ಮೈ ಸುಡುವಷ್ಟು. ಬೇಸಿಗೆಯಲ್ಲಿ ಗ್ಯಾಸಿನ ಗುಬುಟವನ್ನು ಇಳಿಸಬೇಕು. ಓವರ್‌ಹೆಡ್ ಟ್ಯಾಂಕು ಗೀಸರಿಗಿಂತ ಹತ್ತು ಅಡಿ ಮೇಲಿದ್ದರೆ ದೊರೆಯುವ ಒತ್ತಡ ಚದರ ಸೆಂಟಿಮೀಟರಿಗೆ 0.3 ಕಿಲೋ ಮಾತ್ರ. ಮೇಲಿನ ಅಂತಸ್ತಿನ ಮನೆಯಲ್ಲಿ ಟ್ಯಾಂಕು ತಲೆಯ ಮೇಲೇ ಕುಳಿತಿರುವಾಗ ಪೊರೆ ಅಲುಗದೆ ಗೀಸರು ಹೊತ್ತದಿರುವುದು ಯಂತ್ರದ ತಪ್ಪಲ್ಲ. ನಲ್ಲಿ ನಿಲ್ಲಿಸಿದ ಮೇಲೂ ತಾಮ್ರದ ಕಾವು ಒಳಗೆ ನಿಂತ ನೀರನ್ನು ಕುದಿಯುವಷ್ಟು ಬಿಸಿ ಮಾಡುವುದರಿಂದ, ಮತ್ತೆ ತೆರೆದಾಗ ಬರುವ ಮೊದಲ ಧಾರೆಯ ಕೆಳಗೆ ಮಗುವನ್ನು ನಿಲ್ಲಿಸಬಾರದು.

ನಮ್ಮ ಬೋರ್‌ವೆಲ್ಲಿನ ಗಡಸು ನೀರು ಈ ಯಂತ್ರದ ನಿತ್ಯವೈರಿ. ಬಿಸಿಯಾದ ಕೊಳವೆಯ ಒಳಮೈಗೆ ಸುಣ್ಣದ ಹಕ್ಕಳೆ ಕಟ್ಟುತ್ತ ಬಂದಂತೆ ನೀರಿನ ಹರಿವು ಕುಗ್ಗುತ್ತದೆ, ಶಾಖ ನೀರಿಗೆ ದಾಟದೆ ವ್ಯರ್ಥವಾಗುತ್ತದೆ. ಹೊರಗಡೆ ರೆಕ್ಕೆಗಳ ಸಂದಿನಲ್ಲಿ ಮಸಿ ಕೂಡಿ ಹೊಗೆಯ ದಾರಿಯೇ ಕಟ್ಟುತ್ತದೆ. ದಾರಿ ಕಟ್ಟಿದ ಮೇಲೆ ಗಾಳಿ ಒಳಗೆ ಬರಲಾರದೆ ಜ್ವಾಲೆ ಹಳದಿಯಾಗಿ ಇನ್ನಷ್ಟು ಮಸಿಯನ್ನು ಉಗುಳುತ್ತದೆ. ಪೆಟ್ಟಿಗೆಯ ಮೇಲಂಚಿನಲ್ಲಿ ಕಪ್ಪು ಕಲೆ ಕಂಡರೆ ಅದನ್ನು ಬಟ್ಟೆಯಿಂದ ಒರೆಸಿ ಮರೆತುಬಿಡುವವರುಂಟು. ಆ ಕಲೆ ಕಾಣಿಸಿದ ದಿನವೇ ಮೆಕ್ಯಾನಿಕ್ಕನ್ನು ಕರೆಸಬೇಕು, ಕಲೆ ಇರಲಿ ಬಿಡಲಿ ವರ್ಷಕ್ಕೊಮ್ಮೆ ಚಳಿಗಾಲಕ್ಕೆ ಮುಂಚೆ ಬಿಚ್ಚಿ ಶುದ್ಧಿ ಮಾಡಿಸಬೇಕು.

ಇಷ್ಟೆಲ್ಲ ಆದರೂ ಬಾಡಿಗೆಯ ಮನೆಯಲ್ಲಿ ಗೀಸರು ಬಚ್ಚಲೊಳಗೇ ಇದ್ದು ಅದನ್ನು ಸ್ಥಳಾಂತರಿಸಲು ಮಾಲೀಕರು ಒಪ್ಪದಿದ್ದರೆ, ಕನಿಷ್ಠ ಪಕ್ಷ ಬಾಗಿಲು ತೆರೆದಿಟ್ಟು ಬಕೆಟ್ಟುಗಳಿಗೆ ನೀರು ತುಂಬಿ, ಗೀಸರನ್ನು ಆರಿಸಿ, ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಬೇಕು. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಹಬ್ಬದ ಬೆಳಗು ವಿಶೇಷವಾಗಿ ಭಯಾನಕವಾದುದು. ಮೊದಲಿಗರ ಹೊಗೆ ಕೊನೆಯವರಿಗಾಗಿ ಕಾದಿರುತ್ತದೆ.

ಬಚ್ಚಲಲ್ಲಿ ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ದಕ್ಷಿಣ ಕರ್ನಾಟಕದಲ್ಲಿ ಒಂದು ವಿಶಿಷ್ಟವಾದ ಗೊಂದಲ ಉಂಟಾಗುವ ಸಂಭವವಿದೆ. ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಒಂದು ಬಗೆಯ ಮೂರ್ಛೆರೋಗ ನಮ್ಮ ಸೀಮೆಯಲ್ಲಿ ಪ್ರಪಂಚದ ಬೇರೆಡೆಗಳಿಗಿಂತ ಹೆಚ್ಚಾಗಿ ಕಾಣುತ್ತದೆ. 1960ರ ದಶಕದಿಂದ ಡಾ. ಕೆ. ಎಸ್. ಮಣಿ ಅವರೂ, ತರುವಾಯ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಇದನ್ನು ಕುರಿತು ಅಧ್ಯಯನ ನಡೆಸಿದ್ದಾರೆ. ಗೀಸರಿನ ವಿಷಾನಿಲದಿಂದ ಬಿದ್ದವರಲ್ಲಿಯೂ ಕೈಕಾಲು ಸೆಟೆಯುವುದುಂಟು. ‘ಫಿಟ್ಸ್ ಬಂದಿದೆ’ ಎಂದು ಮನೆಯವರೂ, ಗೀಸರಿನ ಮಾತು ಯಾರೂ ಹೇಳದಿದ್ದರೆ ವೈದ್ಯರೂ ಭಾವಿಸಬಹುದು. ಇಂಥ ಪ್ರಕರಣಗಳು ಹೆಚ್ಚಿ, ಭಾರತದ ನರರೋಗತಜ್ಞರ ಬರಹಗಳಲ್ಲಿ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಬಳಕೆಗೆ ಬಂದಿದೆ. ಇಬ್ಬರು ಒಟ್ಟಿಗೆ ಬಿದ್ದಿದ್ದರೆ, ತಾಯಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಇಬ್ಬರಿಗೂ ಎಚ್ಚರ ತಪ್ಪಿದ್ದರೆ, ಅದು ಮೂರ್ಛೆರೋಗವಲ್ಲವೆಂದು ತಿಳಿಯಬೇಕು. ಬಾಗಿಲು ಒಡೆದವರು ಮೊದಲು ತಾವೇ ಉಸಿರು ಬಿಗಿಹಿಡಿದು ಬಿದ್ದವರನ್ನು ಹೊರಗಿನ ಗಾಳಿಗೆ ಎಳೆದು ತಂದು, ಗ್ಯಾಸನ್ನು ನಿಲ್ಲಿಸಿ, ಆಸ್ಪತ್ರೆಗೆ ಸಾಗಿಸಿ, ‘ಗ್ಯಾಸ್ ಗೀಸರು ಉರಿಯುತ್ತಿತ್ತು’ ಎಂಬ ಮಾತನ್ನು ಮೊತ್ತಮೊದಲು ಹೇಳಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರು ಇಲ್ಲಿ ಮೋಸಮಾಡುತ್ತದೆ. ವಿಷಾನಿಲ ಅಂಟಿದ ರಕ್ತಕ್ಕೂ ಆಮ್ಲಜನಕ ಹೊತ್ತ ರಕ್ತಕ್ಕೂ ಅದಕ್ಕೆ ಭೇದ ತಿಳಿಯದಾದ್ದರಿಂದ 98 ಎಂದು ತೋರಿಸುತ್ತಲೇ ಇರಬಹುದು. ಬರಿಯ ಗಾಳಿಯಲ್ಲಿ ಈ ವಿಷದ ಅರ್ಧಭಾಗ ರಕ್ತದಿಂದ ಹೊರಡಲು ನಾಲ್ಕೈದು ಗಂಟೆ ಬೇಕು. ಮುಖಕವಚದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಸಿಲಿಂಡರಿನ ಸೋರಿಕೆಯ ತುರ್ತಿಗೆ 1906 ಎಂಬ ದೂರವಾಣಿ ಸಂಖ್ಯೆಯಿದೆ, ಅದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಐಎಸ್ಐ ಮುದ್ರೆಯೂ, ಎಲ್‌ಪಿಜಿ ಗೀಸರುಗಳಿಗೆ ಸಂಬಂಧಿಸಿದ ಐಎಸ್ 15558 ಎಂಬ ಮಾನಕದ ಸಂಖ್ಯೆಯೂ ಇದೆಯೇ ನೋಡಬೇಕು. ಈಚೆಗೆ ಬೆಂಗಳೂರಿನ ಹಲವು ಬಡಾವಣೆಗಳಿಗೆ ಕೊಳವೆಯ ನೈಸರ್ಗಿಕ ಅನಿಲ ಬಂದಿದ್ದು, ಸಿಲಿಂಡರನ್ನು ಬಿಟ್ಟು ಅದಕ್ಕೆ ಹೋಗುವವರು ಹಳೆಯ ಗೀಸರನ್ನು ಅದಕ್ಕೇ ಕೂಡಿಸಬಹುದೇ ಎಂದು ಕೇಳುವುದುಂಟು. ಆ ಅನಿಲ ಬೇರೆ, ಅದರ ಒತ್ತಡ ಬೇರೆ. 30ರ ಬದಲು ಸುಮಾರು 21 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಬರುವ, ಅದೇ ಗಾತ್ರಕ್ಕೆ ಶಾಖವೂ ಬಹಳ ಕಡಿಮೆಯಿರುವ ಅದಕ್ಕೆ ಜೆಟ್ಟುಗಳ ತೂತು ದೊಡ್ಡದಿರಬೇಕು. ಅಂಥ ದೊಡ್ಡ ಜೆಟ್ಟಿನ ಗೀಸರನ್ನು ಮನೆ ಬದಲಿಸುವಾಗ ಲಾರಿಯಲ್ಲಿ ಹೇರಿಕೊಂಡು ಹೋಗಿ ಮತ್ತೆ ಸಿಲಿಂಡರಿಗೆ ಕೂಡಿಸಿದರೆ ಏಳುವುದು ಉದ್ದನೆಯ ಹಳದಿ ಜ್ವಾಲೆ, ಅದರ ಹಿಂದೆಯೇ ಮಸಿ ಮತ್ತು ಮಾನಾಕ್ಸೈಡ್. ಮನೆ ಬದಲಾದಾಗ ಹಿಂದಿನ ಬಾಡಿಗೆದಾರರು ಬಚ್ಚಲಿನಲ್ಲಿ ಬಿಟ್ಟುಹೋದ ಮೊಳೆಗಳು ಕಾಣುತ್ತವೆ, ನೀರಿನ ಪೈಪು ಸಹ ಅಲ್ಲಿಗೇ ಸಿದ್ಧವಾಗಿರುತ್ತದೆ, ಪ್ಲಂಬರು ಗೀಸರನ್ನು ಎತ್ತಿ ಅಲ್ಲಿಗೇ ನೇತುಹಾಕಲು ನಿಂತಿರುತ್ತಾನೆ. ಅವನನ್ನು ಅರ್ಧ ಗಂಟೆ ತಡೆದು, ಮೊದಲು ಯುಟಿಲಿಟಿಯ ಗೋಡೆಯಿಂದ ಬಚ್ಚಲಿನ ನಲ್ಲಿಗೆ ಎಷ್ಟು ಅಡಿ ಪೈಪು ಬೇಕಾದೀತೆಂದು ಅಳೆಯಹೇಳಬೇಕು.